ಹಕ್ಕಲಿಗೆ ಸಿಕ್ಕ ಆಲೂಗಡ್ಡೆ

"ಅಷ್ಟು ಒಳ್ಳೇದಾಗಿದ್ರೆ ಒಂದು ತಿಂದು ತೋರಿಸು, ನೋಡೋಣ" ಎಂದ ಫಿರ್ಮೇನ್.

ವಸಂತದ ಒಂದು ದಿನ, ಚರ್ಚಿನ ಸಭಾಂಗಣದಲ್ಲಿ ಅವತ್ತು ನಮ್ಮ ಫ್ಲೆಮಿಶ್ ಹಳ್ಳಿ ಲಿಂಡೆಹೂಕ್ ಪೂರ್ತಿ ಸೇರಿತ್ತು. ಪೂರ್ತಿ ಎಂದರೂ ನಾವೇನು ಮಹಾ ಜನ! ಆದರೂ ಕುರ್ಚಿ ಸಾಲದೆ ಒಳಗಿನಿಂದ ಪ್ರಾರ್ಥನೆಯ ಬೆಂಚುಗಳನ್ನು ನಾನೇ ಎಳೆದು ತಂದಿದ್ದೆ. ನಾನು ಇಲ್ಲಿಯ ಕೋಸ್ಟರ್. ಗಂಟೆ ಹೊಡೆಯುವುದು, ಮೇಣದಬತ್ತಿ ಹಚ್ಚುವುದು, ಪಾದ್ರಿಯವರು ಸಾಲು ಮರೆತರೆ ಹಿಂದಿನಿಂದ ಮೆಲ್ಲಗೆ ಎತ್ತಿಕೊಡುವುದು, ಇಷ್ಟೇ ನನ್ನ ಕೆಲಸ. ಸಭೆಯಲ್ಲಿ ಮಾತಾಡುವುದು ಅದರಲ್ಲಿ ಸೇರಿಲ್ಲ. ನಮ್ಮಮ್ಮ ಹಾಲು ಕರೆಯುವಾಗ ಕೀರ್ತನೆಗಳನ್ನು ಒಂದೂ ಬಿಡದೆ ಬಾಯಿಪಾಠ ಹೇಳುತ್ತಿದ್ದಳು; ಬಕೆಟ್ಟಿಗೆ ಹಾಲು ಬೀಳುವ ಸದ್ದೇ ಅದಕ್ಕೆ ತಾಳ. ಹಾಗೆ ಕೇಳಿ ಬೆಳೆದದ್ದಕ್ಕೋ ಏನೋ, ಯಾರೇ ಮಾತಾಡಿದರೂ ನನಗೆ ಮೊದಲು ಕೇಳಿಸುವುದು ದನಿ, ಅರ್ಥ ಆಮೇಲೆ.

ಮುಂದೆ ನಿಂತಿದ್ದವಳು ಲೀಸೆಲೋಟ್, ನಮ್ಮ ಬೇಕರಿಯವನ ಮಗಳು. ಘೆಂಟ್ ಪಟ್ಟಣದಲ್ಲಿ ಓದಿ ಡಾಕ್ಟರ್ ಆಗಿ ಬಂದಿದ್ದಳು. ಆದರೆ ಸೊಂಟನೋವಿಗೆ ಮದ್ದು ಕೇಳಿದರೆ "ನಾನು ಆ ಡಾಕ್ಟರ್ ಅಲ್ಲ" ಎನ್ನುತ್ತಾಳೆಂದು ಊರಿಗೆ ಆಗಲೇ ಅವಳ ಮೇಲೆ ಸ್ವಲ್ಪ ಮುನಿಸಿತ್ತು. ಅವಳ ಸಂಶೋಧನಾ ಸಂಸ್ಥೆ ಚರ್ಚಿನ ಹಿಂದಿನ ಹೊಲವನ್ನು ಗೇಣಿಗೆ ಹಿಡಿದು ಕುಲಾಂತರಿ ಆಲೂಗಡ್ಡೆ ಬೆಳೆಯುತ್ತಿತ್ತು. ನಮ್ಮ ಮಳೆಗೆ ಆಲೂಗಡ್ಡೆಗೆ ಅಂಗಮಾರಿ ಬರುವುದು ನೆಗಡಿ ಬಂದಷ್ಟೇ ಸಲೀಸು. ರಾತ್ರಿ ಹಸುರಾಗಿದ್ದ ಹೊಲ ಬೆಳಗಾಗುವಷ್ಟರಲ್ಲಿ ಕಪ್ಪಾಗಿ ನಾರುತ್ತದೆ. ಅದಕ್ಕೇ ರೈತರು ಬೇಸಿಗೆಯುದ್ದಕ್ಕೂ ವಿಷ ಹೊಡೆಯುತ್ತಲೇ ಇರುತ್ತಾರೆ. ದೂರದ ಬೆಟ್ಟಗಳ ಕಾಡು ಆಲೂಗಡ್ಡೆಗೆ ಈ ರೋಗ ತಟ್ಟುವುದಿಲ್ಲವಂತೆ. ಆ ಗುಣದ ಜೀನನ್ನು ತೆಗೆದು ನಮ್ಮ ಆಲೂಗಡ್ಡೆಗೆ ಸೇರಿಸಿದ್ದೇವೆ, ವಿಷ ಹೊಡೆಯುವ ಕೆಲಸ ಮುಕ್ಕಾಲು ಪಾಲು ತಪ್ಪುತ್ತದೆ ಎಂದು ಲೀಸೆಲೋಟ್ ಗೋಡೆಯ ಮೇಲೆ ಚಿತ್ರ ಬಿಟ್ಟು ವಿವರಿಸಿದಳು. ಎಲ್ಲರೂ ಚಿತ್ರ ನೋಡಿದರು. ಯಾರೂ ಒಪ್ಪಲಿಲ್ಲ.

"ನಾನು ತಿನ್ನೋ ಹಾಗಿಲ್ಲ, ನೋಂಕೆಲ್ ಫಿರ್ಮೇನ್" ಎಂದಳು. ನಮ್ಮಲ್ಲಿ ಚಿಕ್ಕವರು ಹಿರಿಯರನ್ನು ಕರೆಯುವುದು ಹಾಗೆಯೇ, ಗಂಡಸರಿಗೆ ನೋಂಕೆಲ್, ಹೆಂಗಸರಿಗೆ ತಾಂತ್ ಎಂದು.

"ಯಾಕೆ? ಹೊಟ್ಟೆ ತುಂಬಿದೆಯಾ?"

"ಕಾನೂನು ಬಿಡಲ್ಲ. ಪ್ರಯೋಗದ ಬೆಳೇನ ಯಾರೂ ತಿನ್ನಬಾರದು. ಕೊನೇ ಗಡ್ಡೆವರೆಗೂ ಲೆಕ್ಕ ಕೊಟ್ಟು ನಾಶ ಮಾಡ್ಬೇಕು."

"ಅಪಾಯ ಇಲ್ಲ ಅಂತೀಯ."

"ನಾವು ನೋಡಿದ ಮಟ್ಟಿಗೆ ಕಂಡಿಲ್ಲ."

"ಆದ್ರೆ ತಿನ್ನಬಾರದು."

"ಹೌದು."

ಫಿರ್ಮೇನ್ ಸಭೆಯ ಕಡೆ ತಿರುಗಿ ಎರಡೂ ಕೈ ಚಾಚಿದ. ಬೇರೆ ಏನನ್ನೂ ಹೇಳಬೇಕಾಗಿರಲಿಲ್ಲ. ಅವನು ಟ್ರಾಮಿನ ಕಂಡಕ್ಟರನಾಗಿ ನಿವೃತ್ತನಾದವನು, ಈಗ ಪಂದ್ಯದ ಪಾರಿವಾಳ ಸಾಕುತ್ತಾನೆ. ಯಾವ ಹೆಣ್ಣಿಗೆ ಯಾವ ಗಂಡು ಬಿಟ್ಟರೆ ಎಂಥ ಮರಿ ಹುಟ್ಟುತ್ತದೆಂದು ಐದು ತಲೆಮಾರಿನವರೆಗೂ ಹೇಳಬಲ್ಲ. ಆದರೂ ಅವತ್ತು "ದೇವರು ಮಾಡಿದ್ದನ್ನ ಮನುಷ್ಯ ಬೆರಕೆ ಮಾಡಬಾರದು" ಎಂದು ಗಂಭೀರವಾಗಿ ಹೇಳಿದ. ಹಿಂದಿನ ಬೆಂಚಿನಿಂದ ಗೋಡಲೀವ್ "ನಿನ್ನ ಪಾರಿವಾಳಗಳನ್ನ ಕೇಳೋಣ ಬಿಡು" ಎಂದಳು. ನಗು ಎದ್ದಿತು. ಆದರೆ ಗೋಡಲೀವ್ ಕೂಡ ಲೀಸೆಲೋಟಳ ಪಕ್ಷವಲ್ಲ. ಅವಳು ಚರ್ಚಿನ ಅಡುಗೆಮನೆಯ ಯಜಮಾನಿ, ವಿಧವೆ. ಅವಳ ಬಾಯಿ ಎರಡೂ ಕಡೆ ಕೊಯ್ಯುತ್ತದೆ. "ನನ್ನ ಪಾತ್ರೆಗೆ ಮಾತ್ರ ಅದು ಬೀಳಲ್ಲಮ್ಮ, ಹುಡುಗಿ. ನಮ್ಮಜ್ಜಿ ಗೋರಿಯಿಂದ ಎದ್ದು ಬರ್ತಾಳೆ" ಎಂದುಬಿಟ್ಟಳು.

ಕುರ್ಚಿ ಮಡಚುವಾಗ ಲೀಸೆಲೋಟ್ ನನ್ನ ಜೊತೆ ಕೈ ಜೋಡಿಸಿದಳು. "ಇನ್ನೆರಡು ಬೆಳೆ ಆಗ್ಬೇಕು, ನೋಂಕೆಲ್ ರೆಮಿ. ಅಷ್ಟರಲ್ಲಿ ಒಂದು ಎಡವಟ್ಟಾದ್ರೂ ಪರವಾನಗಿ ಹೋಗುತ್ತೆ. ಇಷ್ಟು ವರ್ಷದ್ದೆಲ್ಲ ಮಣ್ಣುಪಾಲು" ಎಂದಳು. ದನಿಯಲ್ಲಿ ಜಂಬವಿರಲಿಲ್ಲ. ಪರೀಕ್ಷೆಯ ಹಿಂದಿನ ದಿನ ಮಕ್ಕಳಿಗಿರುತ್ತದಲ್ಲ, ಆ ದನಿ. ನಾನು ತಲೆಯಾಡಿಸಿದೆ. ನನಗೆ ಬರುವುದು ಅದೊಂದೇ.

ಎಡವಟ್ಟು ಬಂದದ್ದು ಸೆಪ್ಟೆಂಬರಿನಲ್ಲಿ, ಒಂದು ಕೋಲಿನಿಂದ.

ನಮ್ಮ ಕಡೆ ಹಕ್ಕಲು ಆಯುವುದಕ್ಕೆ ಒಂದು ಕಟ್ಟಳೆಯಿದೆ. ಬೆಳೆ ಕಿತ್ತ ಹೊಲದ ಮೂಲೆಯಲ್ಲಿ ಕೋಲು ನಿಂತಿದ್ದರೆ ರೈತನ ಕೆಲಸ ಮುಗಿದಿಲ್ಲ, ಯಾರೂ ಕಾಲಿಡಬಾರದು. ಕೋಲು ಕಿತ್ತರೆ ಹೊಲ ಬಿಟ್ಟುಕೊಟ್ಟ ಹಾಗೆ. ಯಂತ್ರ ಬಿಟ್ಟುಹೋದದ್ದು ಬಕೆಟ್ ತಂದವರ ಪಾಲು. ಹಿಂದೆ ಕೋಲಿನ ತುದಿಗೆ ಒಂದು ಹಿಡಿ ಹುಲ್ಲು ಕಟ್ಟುತ್ತಿದ್ದರು, ಈಗ ಬರಿಯ ಕೋಲೇ ಸಾಕು. ಲೀಸೆಲೋಟಳ ಹೊಲದಲ್ಲೂ ಕೋಲಿತ್ತು. ಅದರ ಮೇಲೊಂದು ಹಳದಿ ಫಲಕ, ಫಲಕದ ತುಂಬ ಸಣ್ಣಕ್ಷರದಲ್ಲಿ ಎಚ್ಚರಿಕೆ. ಆ ಫಲಕವನ್ನು ಓದಿದವರು ನಮ್ಮೂರಲ್ಲಿ ಒಬ್ಬರೂ ಇಲ್ಲ. ಕೋಲು ನಿಂತಿದೆಯಲ್ಲ, ಮತ್ತೆ ಓದುವುದೇನು?

ಗಡ್ಡೆ ಕೀಳುವ ದಿನ ಯಂತ್ರ ತಿರುಗಿಸಲು ಅಡ್ಡವಾಯಿತೆಂದು ಡ್ರೈವರ್ ಬೇಲಿ ಬಿಚ್ಚಿ, ಕೋಲನ್ನೂ ಕಿತ್ತು ಗಾಡಿಯಲ್ಲಿ ಹಾಕಿಕೊಂಡ. ಕೆಲಸ ಮುಗಿಸಿ ಹಾಗೆಯೇ ಹೊರಟುಹೋದ. ಉಳಿದ ಗಡ್ಡೆಗಳನ್ನು ಮಾರನೆಯ ಬೆಳಿಗ್ಗೆ ಬಂದು ಹುಡುಕಿ ಹೆಕ್ಕುವುದೆಂದು ಅವರ ಯೋಜನೆ. ಆದರೆ ನಮ್ಮೂರಿಗೆ ಕಂಡದ್ದು ಯೋಜನೆಯಲ್ಲ, ಕೋಲಿಲ್ಲದ ಮೂಲೆ.

ಮಧ್ಯಾಹ್ನ ನಾನು ಗೋರಿಗಳ ನಡುವಿನ ಕಳೆ ಕೀಳುತ್ತಿದ್ದಾಗ ಗೋಡಲೀವ್ ಮುಂದಾಗಿ, ನಾಲ್ಕಾರು ಹೆಂಗಸರು ಬಕೆಟ್ ಹಿಡಿದು ಸಾಲಾಗಿ ಹೊಲಕ್ಕೆ ಇಳಿದರು.

"ಅದು ಲೀಸೆಲೋಟಳ ಹೊಲ ಅಲ್ವಾ?" ಎಂದೆ. ನಾನು ಬಾಯಿ ಬಿಡುವುದೇ ಅಪರೂಪ, ಅವರು ನಿಂತರು.

"ಕೋಲು ಕಿತ್ತಿದ್ದಾಳೆ, ನೋಡು" ಎಂದಳು ಗೋಡಲೀವ್.

"ಅಜ್ಜಿ ಗೋರಿಯಿಂದ ಎದ್ದು ಬರ್ತಾಳೆ ಅಂದಿದ್ದೆ."

"ಅದು ಸಭೆ ಮಾತು, ಕೋಸ್ಟರ್. ಸಭೇಲಿ ಅವರೂ ಏನೇನೋ ಅಂತಾರೆ, ನಾವೂ ಏನೇನೋ ಅಂತೀವಿ. ಬೇಕರಿಯವನ ಮಗಳು ಅಪಾಯ ಇರೋ ಹೊಲದ ಕೋಲು ಕೀಳ್ತಾಳಾ? ಏನು ಮಾತು ಅಂತ ಆಡ್ತೀಯ!"

ಅಷ್ಟು ಹೇಳಿ ಅವರು ಬಗ್ಗಿ ಮಣ್ಣು ಕೆದಕತೊಡಗಿದರು. ಸಂಜೆ ಪದ್ಧತಿಯಂತೆ ಕೋಸ್ಟರನ ಪಾಲೆಂದು ಒಂದು ಬೋಗುಣಿ ನನ್ನ ಬಾಗಿಲಿಗೂ ಬಂತು. ಬೇಯಿಸಿ, ಲೀಕ್ ಸೊಪ್ಪು ಬೆಣ್ಣೆ ಹಾಕಿ ಕಿವುಚಿ, ಊಟದ ಪ್ರಾರ್ಥನೆ ಹೇಳಿ ತಿಂದೆ. ಪ್ರಾರ್ಥನೆಯಲ್ಲಿ ಆ ಹೊತ್ತು ಯಾವ ಅನುಮಾನವೂ ಇರಲಿಲ್ಲವೆಂದು ಹೇಳಲಾರೆ, ಆದರೆ ಬೆಣ್ಣೆ ಚೆನ್ನಾಗಿತ್ತು.

ಬೆಳಿಗ್ಗೆ ಲೀಸೆಲೋಟ್ ಬಾಗಿಲು ತಟ್ಟಿದಾಗ ಮೊಣಕಾಲವರೆಗೆ ಕೆಸರು.

"ನೋಂಕೆಲ್, ಹೊಲದ ತುಂಬ ಕೈಯಲ್ಲಿ ಕೆದಕಿದ ಗುಂಡಿ! ಯಾರು ತಗೊಂಡ್ರು? ತಿಂದ್ರಾ? ದಯವಿಟ್ಟು ತಿನ್ನಬೇಡಿ ಅಂತ ಎಲ್ಲರಿಗೂ ಹೇಳ್ಬೇಕು, ಬನ್ನಿ!"

ನಾವಿಬ್ಬರೂ ಮನೆಮನೆಗೆ ಹೊರಟೆವು. ವಸಂತದಲ್ಲಿ ಊರನ್ನು ಕೂರಿಸಿಕೊಂಡು ಅಪಾಯವಿಲ್ಲ ಎಂದು ಹೇಳಿ ಸೋತ ಹುಡುಗಿ ಈಗ ಬಾಗಿಲು ಬಾಗಿಲಿಗೆ ತಿನ್ನಬೇಡಿ ಎಂದು ಕೂಗುತ್ತಿದ್ದಳು. ಊರು ಆಗಲೂ ನಂಬಲಿಲ್ಲ, ಈಗಲೂ ನಂಬಲಿಲ್ಲ.

"ತಿನ್ನಬಾರದಾ?" ಎಂದಳು ಗೋಡಲೀವ್, ಬಾಣಲೆಯಲ್ಲಿ ಹೋಳು ಮಗುಚುತ್ತ. "ಒಳ್ಳೇದು ಅಂತ ನೀನೇ ಚಿತ್ರ ತೋರಿಸಿದ್ಯಲ್ಲ?"

"ಒಳ್ಳೇದೇ, ತಾಂತ್ ಗೋಡಲೀವ್! ಆದ್ರೆ ಇನ್ನೂ ತಿನ್ನೋ ಹಾಗಿಲ್ಲ!"

"ಏನು, ವಿಷ ಇದೆಯಾ?"

"ಇಲ್ಲ!"

"ಕಹಿ ಆಗುತ್ತಾ?"

"ಇಲ್ಲ!"

"ಹಾಗಾದ್ರೆ ಪಕ್ಕಕ್ಕೆ ಸರಿ, ಎಣ್ಣೆ ಹಾರುತ್ತೆ."

ಲೀಸೆಲೋಟ್ ಸ್ಟೂಲಿನ ಮೇಲೆ ಕುಸಿದು ಕೂತಳು. ಸರ್ಕಾರಕ್ಕೆ ತಿಳಿದರೆ ಪ್ರಯೋಗ ನಿಲ್ಲುತ್ತದೆ ಎಂದು ಮತ್ತೊಮ್ಮೆ, ಅಳು ನುಂಗಿಕೊಂಡು, ಬಿಡಿಸಿ ಹೇಳಿದಳು. ಗೋಡಲೀವ್ ಒಲೆ ಆರಿಸಿದಳು. ಚಿತ್ರ ತೋರಿಸಿದಾಗ ಅರ್ಥವಾಗದ್ದು ಆ ದನಿ ಕೇಳಿದಾಗ ಅವಳಿಗೆ ಅರ್ಥವಾಯಿತೆಂದು ನನಗೆ ತೋರಿತು. "ಅಯ್ಯೋ ಹುಡುಗಿ, ಕೋಲು ಕೀಳೋ ಮುಂಚೆ ನನ್ನನ್ನ ಒಂದು ಮಾತು ಕೇಳೋದಲ್ವಾ!"

ಅಷ್ಟರಲ್ಲಿ ಸುದ್ದಿ ನಮಗಿಂತ ಮುಂದೆ ಓಡಿತ್ತು. ಫಿರ್ಮೇನ್ ಹಾಸಿಗೆ ಹಿಡಿದಿದ್ದಾನೆ ಎಂದು ಅವನ ಎದುರುಮನೆಯವರು ಬಂದು ಹೇಳಿದರು. ಹಿಂದಿನ ದಿನ ಗೋಡಲೀವ್ ಕಳಿಸಿದ ಆಲೂಗಡ್ಡೆ ಎಲ್ಲಿಯದೆಂದು ಆಗಷ್ಟೇ ತಿಳಿದಿತ್ತಂತೆ. ಹೋಗಿ ನೋಡಿದರೆ ಮನುಷ್ಯ ಬೆಳ್ಳಗಾಗಿ, ಹೊಟ್ಟೆ ಹಿಡಿದುಕೊಂಡು ಮಲಗಿದ್ದಾನೆ. ಪಾದ್ರಿಯವರು ಸಾಯುವವರಿಗೆ ಹಚ್ಚುವ ಪವಿತ್ರ ಎಣ್ಣೆಯ ಪಾತ್ರೆ ಹಿಡಿದು ಹಚ್ಚುವುದೋ ಬೇಡವೋ ಎಂದು ಯೋಚಿಸುತ್ತ ನಿಂತಿದ್ದಾರೆ.

"ಒಳಗೆ ಏನೋ ಮೊಳಕೆ ಒಡೀತಾ ಇದೆ, ಪಾದ್ರಿಗಳೇ" ಎಂದು ನರಳಿದ ಫಿರ್ಮೇನ್. "ಈ ಹುಡುಗಿಗೆ ನಾನು ಕ್ಷಮಿಸಿದೀನಿ ಅಂತ ಹೇಳಿ. ನನ್ನ ಪಾರಿವಾಳಗಳನ್ನ ಕೋಸ್ಟರ್‌ಗೆ ಕೊಡಿ. ಆ ಕಂದು ಬಣ್ಣದ ಗಂಡು ಮಾತ್ರ ಬೇಡ, ಅವನಿಗೆ ಸಾಕೋದು ಬರಲ್ಲ."

ಲೀಸೆಲೋಟಳ ಮುಖ ಬಿಳಿಚಿಕೊಂಡಿತು. "ಯಾವಾಗಿನಿಂದ ನೋವು? ಏನೇನು ತಿಂದ್ರಿ? ಆಸ್ಪತ್ರೆಗೆ ಹೋಗೋಣ, ಏಳಿ."

"ಆಸ್ಪತ್ರೆ ಬೇಡ" ಎಂದಳು ಗೋಡಲೀವ್, ಬಾಗಿಲಲ್ಲಿ ನಿಂತು. "ಅವನಿಗೆ ಕಳಿಸಿದ್ದು ಆ ಗಡ್ಡೆ ಅಲ್ಲ."

ಎಲ್ಲರೂ ಅವಳ ಕಡೆ ತಿರುಗಿದರು.

"ಅಂಗಡೀದು. ಮನೇಲಿ ಮೊಳಕೆ ಬರ್ತಾ ಇತ್ತು, ಯಾರಿಗಾದ್ರೂ ಕೊಟ್ಟು ಮುಗಿಸೋಣ ಅಂತ ಕಳಿಸ್ದೆ. ಹಕ್ಕಲಿನ ಒಳ್ಳೇ ಗಡ್ಡೇನ ಇವನಿಗ್ಯಾಕೆ ಕೊಡ್ಲಿ? ಊಟ ಮಾಡಿ ರುಚಿ ಇಲ್ಲ ಅಂತ ಹೇಳೋಕಾ?"

ಫಿರ್ಮೇನನ ನರಳಾಟ ಅರ್ಧಕ್ಕೆ ನಿಂತಿತು. ಹೊಟ್ಟೆಯ ಮೇಲಿದ್ದ ಕೈಯನ್ನು ತೆಗೆದು ನೋಡಿಕೊಂಡ. ಆಮೇಲೆ ಎದ್ದು ಕೂತ. ಮುಖಕ್ಕೆ ಬಣ್ಣ ಬಂತು, ಆದರೆ ಅದು ಆರೋಗ್ಯದ ಬಣ್ಣವಲ್ಲ.

"ಊರಿಗೆಲ್ಲ ಒಳ್ಳೇದು ಕೊಟ್ಟು ನನಗೆ ಅಂಗಡಿಯ ಕೊಳೆತದ್ದಾ?"

"ಸಾಯ್ತಾ ಇದ್ಯಲ್ಲ, ಮಲ್ಕೋ."

"ನಲವತ್ತು ವರ್ಷದ ನೆರೆಮನೆ, ಗೋಡಲೀವ್! ಕೋಸ್ಟರ್‌ಗೂ ಕೊಟ್ಟೆ, ನನಗೆ ಒಂದೂ ಇಲ್ಲ!"

ಪಾದ್ರಿಯವರು ಎಣ್ಣೆಯ ಪಾತ್ರೆಗೆ ಮುಚ್ಚಳ ಹಾಕಿದರು.

ಉಳಿದಿರುವ ಗಡ್ಡೆಗಳನ್ನು ಸಭಾಂಗಣಕ್ಕೆ ತಂದೊಪ್ಪಿಸಬೇಕೆಂದು ಭಾನುವಾರ ಪೂಜೆಯ ಕೊನೆಯಲ್ಲಿ ಪಾದ್ರಿಯವರಿಂದ ಹೇಳಿಸಿದೆವು. ಜನ ತಂದರು. ಚೀಲ, ಬುಟ್ಟಿ, ಮಕ್ಕಳ ತಳ್ಳುಗಾಡಿ ಕೂಡ ಬಂತು. ಲೀಸೆಲೋಟ್ ಮೊದಲು ಸಂತೋಷಪಟ್ಟಳು, ಆಮೇಲೆ ರಾಶಿಯ ಸುತ್ತ ಒಂದು ಸುತ್ತು ಬಂದಳು, ಆಮೇಲೆ ಕಣ್ಣು ಮುಚ್ಚಿಕೊಂಡಳು. ಇಡೀ ಹೊಲ ಬೆಳೆದರೂ ಅಷ್ಟು ಬೆಳೆಯುತ್ತಿರಲಿಲ್ಲ. ಕೆಲವು ಗಡ್ಡೆ ಕೆಂಪಗಿದ್ದವು. ಒಂದು ಚೀಲದಲ್ಲಿ ಅಂಗಡಿಯ ಬೆಲೆಚೀಟಿಯೇ ಇತ್ತು.

"ಇದೇನಿದು?" ಎಂದು ಕೇಳಿದಳು.

"ನಿನಗೆ ಕಡಿಮೆ ಬೀಳಬಾರದು ಅಂತ" ಎಂದಳು ಗೋಡಲೀವ್, ಎಲ್ಲರ ಪರವಾಗಿ.

ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿದಾಗ ಆ ರಾಶಿಯಲ್ಲಿ ಅವಳದ್ದು ಒಂದೂ ಇರಲಿಲ್ಲ. ಅವಳದ್ದು ಎಲ್ಲಿಗೆ ಹೋಗಿತ್ತೆಂದು ಊರಿಗೆಲ್ಲ ಗೊತ್ತಿತ್ತು. ಅವಳೂ ಮುಚ್ಚಿಡಲಿಲ್ಲ, ಊರಿನವರು ತಿಂದಿದ್ದಾರೆ, ತಪ್ಪು ನಮ್ಮದು ಎಂದು ತಾನೇ ಬ್ರಸೆಲ್ಸ್‌ನ ಸರ್ಕಾರಿ ಕಚೇರಿಗೆ ವರದಿ ಬರೆದಳು.

ಬಂದ ಅಧಿಕಾರಿ ತೆಳ್ಳನೆಯ, ಸೌಮ್ಯ ಮನುಷ್ಯ. ಸಭಾಂಗಣದಲ್ಲಿ ಮೇಜು ಹಾಕಿ ಕೊಟ್ಟೆ. ಊರಿನವರು ಒಬ್ಬೊಬ್ಬರಾಗಿ ಬಂದು, ಆ ಹುಡುಗಿಗೆ ತೊಂದರೆಯಾಗಬಾರದೆಂದು, ಕಣ್ಣು ಮಿಟುಕಿಸದೆ ಸುಳ್ಳು ಹೇಳಿದರು.

"ಮುಟ್ಟೇ ಇಲ್ಲ, ಮನೇರ್" ಎಂದರೊಬ್ಬರು; ಮನೇರ್ ಎಂದರೆ ನಮ್ಮಲ್ಲಿ ಸ್ವಾಮಿ ಎಂದ ಹಾಗೆ.

"ನಮ್ಮನೇಲಿ ಆಲೂಗಡ್ಡೇನೇ ತಿನ್ನಲ್ಲ."

ಆಲೂಗಡ್ಡೆ ತಿನ್ನದ ಫ್ಲೆಮಿಶ್ ಮನೆ! ಅಧಿಕಾರಿ ಅದನ್ನೂ ಬರೆದುಕೊಂಡರು. ಕೊನೆಗೆ ಲೀಸೆಲೋಟಳ ಕಡೆ ಕನಿಕರದಿಂದ ನೋಡಿ, "ಮೇಡಂ, ನೀವು ತಿಂದಿದ್ದಾರೆ ಅಂತೀರಿ. ಊರೆಲ್ಲ ಇಲ್ಲ ಅನ್ನುತ್ತೆ. ನಿಮ್ಮ ಮಾತಿಗೆ ಏನಾದ್ರೂ ಆಧಾರ ಇದೆಯಾ?" ಎಂದರು.

ಪಾಪ, ಎಂದೂ ಯಾರೂ ಅವಳನ್ನು ನಂಬಿರಲಿಲ್ಲ ನಿಜ, ಆದರೆ ತನ್ನದೇ ತಪ್ಪನ್ನು ಒಪ್ಪಿಕೊಂಡಾಗಲೂ ನಂಬದಿರುವುದು ಹೊಸತು. "ಕೋಸ್ಟರನ್ನ ಕೇಳಿ" ಎಂದಳು ಕೊನೆಗೆ.

ಊರು ನನ್ನನ್ನು ನೋಡಿತು. ಗೋಡಲೀವ್ ಹುಬ್ಬು ಹಾರಿಸಿದಳು, ಕೆಮ್ಮಿದಳು. ನಾನು ಏನಾದರೂ ಅಂದರೆ ಪರವಾನಗಿ ಹೋದೀತು, ಗೊತ್ತಿತ್ತು. ಆದರೆ ಎದುರಿಗೆ ಲೀಸೆಲೋಟ್ ನಿಂತಿದ್ದಳು, ಸತ್ಯ ಹೇಳಿ ಒಂಟಿಯಾಗಿ. ಸಾಲು ಮರೆತು ನಿಂತವರಿಗೆ ಸಾಲು ಎತ್ತಿಕೊಡುವುದು ನನ್ನ ಕೆಲಸವಲ್ಲವೇ.

"ತಿಂದೆ, ಮನೇರ್. ಲೀಕ್ ಹಾಕಿ ಕಿವುಚಿಕೊಂಡು."

ಯಾರೋ ನಿಟ್ಟುಸಿರು ಬಿಟ್ಟರು. ಆಮೇಲೆ ಗೋಡಲೀವ್ ಎದ್ದಳು. "ಕೋಸ್ಟರ್ ಒಬ್ಬನೇ ಪುಣ್ಯವಂತನಾಗೋದು ಬೇಡ. ನಾನೂ ತಿಂದೆ. ಅವನಿಗಿಂತ ಜಾಸ್ತಿ. ಕಿವುಚೋಕೆ ಅದು ಲಾಯಕ್ಕಿಲ್ಲ, ಹುರಿಯೋಕೆ ಸೈ." ಅದಾದ ಮೇಲೆ ಹಿಡಿಯುವವರೇ ಇಲ್ಲ. ನಾನು ಸೂಪ್ ಮಾಡಿದೆ, ನಾನು ಮೊಮ್ಮಕ್ಕಳಿಗೂ ಕೊಟ್ಟೆ ಎಂದು ಎಲ್ಲರೂ ಒಟ್ಟಿಗೆ ಕೂಗತೊಡಗಿದರು.

"ಯಾರಿಗಾದ್ರೂ ಕಾಯಿಲೆ ಆಯ್ತಾ?" ಎಂದರು ಅಧಿಕಾರಿ, ಪೆನ್ನು ಎತ್ತಿಕೊಂಡು.

"ನನಗಾಯ್ತು" ಎಂದ ಫಿರ್ಮೇನ್ ಕೈ ಎತ್ತಿ. "ಆದ್ರೆ ನಾನು ತಿಂದಿರಲಿಲ್ಲ."

ಅಧಿಕಾರಿ ಪೆನ್ನು ಕೆಳಗಿಟ್ಟರು.

ಹೊರಡುವ ಮುಂಚೆ ಅವರು ಹೇಳಿದ್ದು ಇಷ್ಟು: ನಿಯಮ ಮುರಿದಿದೆ, ಈಗ ಪ್ರಯೋಗ ನಿಲ್ಲಬೇಕು. ಮುಚ್ಚಿಡದೆ ತಿಳಿಸಿದ್ದನ್ನು ಮೇಲಿನವರು ಗಮನಿಸುತ್ತಾರೆ. ಊರಿನ ಒಪ್ಪಿಗೆ ಬರವಣಿಗೆಯಲ್ಲಿ ಬಂದರೆ, ಬೀಗ ಹಾಕುವ ಬೇಲಿ ಕಟ್ಟಿದರೆ, ಮುಂದಿನ ವರ್ಷಕ್ಕೆ ಮತ್ತೆ ನೋಡಬಹುದು.

ಒಪ್ಪಿಗೆ ಪತ್ರ ಬರೆಯುವ ಹೊಣೆಯನ್ನು ಫಿರ್ಮೇನ್ ತಾನಾಗಿಯೇ ವಹಿಸಿಕೊಂಡ. ತನಗೆ ಸಿಗದ ಗಡ್ಡೆ ಮತ್ತೆ ಬೆಳೆಯಲೇಬೇಕೆಂಬುದು ಅವನ ಹಟ. ಮುಂದಿನ ವಾರ ಸಭಾಂಗಣದಲ್ಲಿ ಎದ್ದು ನಿಂತು, ಟ್ರಾಮಿನಲ್ಲಿ ನಿಲ್ದಾಣದ ಹೆಸರು ಕೂಗುತ್ತಿದ್ದ ಅದೇ ಗಂಟಲಿನಲ್ಲಿ ಓದಿದ: "ಈ ಆಲೂಗಡ್ಡೆ ತಿಂದ ಮೇಲೆ ನಮ್ಮ ಗೋಡಲೀವಳ ಮೊಣಕಾಲು ನೋವು ಸಂಪೂರ್ಣ ಹೋಗಿದೆ..."

"ಅದನ್ನ ಹೊಡೆದು ಹಾಕಿ" ಎಂದಳು ಲೀಸೆಲೋಟ್.

"ನಿಜವಾಗ್ಲೂ ಹೋಗಿದೆ ಕಣಮ್ಮ" ಎಂದಳು ಗೋಡಲೀವ್. "ಬೇಕಾದ್ರೆ ಕೂತು ಏಳ್ತೀನಿ, ನೋಡು."

"ಹೋಗಿರಬಹುದು, ತಾಂತ್. ಆಲೂಗಡ್ಡೆಯಿಂದ ಹೋಯ್ತು ಅನ್ನೋಕೆ ಆಧಾರ ಇಲ್ಲ."

"ಮತ್ತೆ ಯಾವುದರಿಂದ?"

"ಗೊತ್ತಿಲ್ಲ."

ಫಿರ್ಮೇನ್ ಗೊಣಗುತ್ತ ಗೀಟು ಹಾಕಿದ. "ಕೋಳಿಗಳು ಸಿಪ್ಪೆ ತಿಂದು ಹೆಚ್ಚು ಮೊಟ್ಟೆ..."

"ಅದೂ ಬೇಡ."

"'ಪ್ರಪಂಚದಲ್ಲೇ ಇಷ್ಟು ಸುರಕ್ಷಿತ ಆಹಾರ ಇನ್ನೊಂದಿಲ್ಲ.' ಇದಾದ್ರೂ ಇರ್ಲಿ ಬಿಡು, ಹುಡುಗಿ! ಇದು ನೀನೇ ಹೇಳಿದ್ದು!"

"ನಾನು ಹಾಗೆ ಹೇಳಿಲ್ಲ, ನೋಂಕೆಲ್. ನಾವು ನೋಡಿದ ಮಟ್ಟಿಗೆ ಅಪಾಯ ಕಂಡಿಲ್ಲ ಅಂದೆ."

"ಎರಡೂ ಒಂದೇ ಅಲ್ವಾ?"

"ಅಲ್ಲ."

ಗೀಟು, ಗೀಟು, ಗೀಟು. ಪುಟದಲ್ಲಿ ಕೊನೆಗೆ ಉಳಿದದ್ದು ಒಂದು ಸಾಲು: ನಾವು ತಿಂದೆವು, ನಮಗೆ ಏನೂ ಆಗಲಿಲ್ಲ.

ಲೀಸೆಲೋಟ್ ಅದನ್ನೂ ದಿಟ್ಟಿಸಿ ನೋಡಿದಳು. "'ಇಲ್ಲಿಯವರೆಗೆ' ಅಂತ ಸೇರಿಸಿ. ಮತ್ತೆ, ಇಷ್ಟು ಜನ ಒಂದು ಹೊತ್ತು ತಿಂದಿದ್ದರಿಂದ ಏನೂ ಸಾಬೀತಾಗಲ್ಲ ಅಂತಾನೂ ಬರೀಬೇಕು."

ಫಿರ್ಮೇನ್ ಪೆನ್ನನ್ನು ಮೇಜಿನ ಮೇಲೆ ಎಸೆದ. "ನಿನ್ನ ಪರವಾಗಿ ಬರೀತಾ ಇರೋದು ಕಣೇ! ನಿನ್ನ ಹೊಲ ಉಳಿಸೋಕೆ! ನಂಬಲ್ಲ ಅಂದ್ರೆ ಅಳ್ತೀಯ, ನಂಬ್ತೀವಿ ಅಂದ್ರೆ ಬೇಡ ಅಂತೀಯ!"

"ಇಷ್ಟೊಂದು ನಂಬಬೇಡಿ ಅಂತೀನಿ."

ಅವಳು ಅದನ್ನು ಹೇಳುವಾಗ ದನಿ ನಡುಗಿತು. ಎಷ್ಟು ವರ್ಷದ ಕೆಲಸ ಆ ಕಾಗದದ ಮೇಲೆ ನಿಂತಿತ್ತೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಮೊಣಕಾಲಿನ ಮಾತನ್ನು ಹಾಗೆಯೇ ಇರಗೊಟ್ಟಿದ್ದರೂ ಯಾರೂ ಪ್ರಶ್ನಿಸುತ್ತಿರಲಿಲ್ಲ. ಆಮೇಲೆ ಫಿರ್ಮೇನ್ ಪೆನ್ನನ್ನು ಹುಡುಕಿ ತೆಗೆದುಕೊಂಡು, ಅವಳು ಹೇಳಿದಂತೆಯೇ, ಒಂದಕ್ಷರ ಹೆಚ್ಚು ಕಡಿಮೆಯಿಲ್ಲದೆ ಬರೆದ. ಸಾಲಾಗಿ ಎಲ್ಲರೂ ಸಹಿ ಹಾಕಿದರು. ಗೋಡಲೀವ್ ಕೂತು ಎದ್ದು ಹಾಕಿದಳು.

ವಸಂತದಲ್ಲಿ ಪರವಾನಗಿ ಮರಳಿ ಬಂತು, ಅದರ ಹಿಂದೆಯೇ ಬೇಲಿ ಬಂತು, ಬೇಲಿಗೆ ಬೀಗ ಬಂತು. ಒಂದು ಮಧ್ಯಾಹ್ನ ಪಟ್ಟಣದ ಕಡೆಯಿಂದ ಸೈಕಲ್ಲಿನಲ್ಲಿ ಬಂದ ದಂಪತಿ ಫಲಕ ನೋಡಿ ನಿಂತರು. ಫಿರ್ಮೇನ್ ಅಲ್ಲಿಯೇ ಬೇಲಿಗೆ ಒರಗಿ ಪಂದ್ಯಕ್ಕೆ ಹೋದ ತನ್ನ ಪಾರಿವಾಳಗಳ ದಾರಿ ಕಾಯುತ್ತಿದ್ದ. ನಾನು ಈ ಕಡೆ ಹುಲ್ಲು ಕತ್ತರಿಸುತ್ತಿದ್ದೆ.

"ಇದು ಅಪಾಯ ಅಲ್ವಾ?" ಎಂದು ಹೆಂಗಸು ಕೇಳಿದಳು.

"ನಮ್ಮ ಲೀಸೆಲೋಟ್ ನೋಡಿದ ಮಟ್ಟಿಗೆ ಕಂಡಿಲ್ಲ" ಎಂದ ಫಿರ್ಮೇನ್.

"ಅವರ ಮಾತು ನಂಬಬಹುದಾ?"

ಫಿರ್ಮೇನ್ ಆಕಾಶದಿಂದ ಕಣ್ಣು ತೆಗೆಯಲಿಲ್ಲ. "ಮಾತಲ್ಲಿ ಭಾರೀ ಜಿಪುಣಿ, ಮೇಡಂ. ಒಂದು ಒಳ್ಳೇ ಮಾತು ಹೇಳಿಸೋಕೆ ಇಡೀ ಊರು ಸೇರಿ ಒದ್ದಾಡಿದೀವಿ, ಆಗಲಿಲ್ಲ. ಅಂಥವಳು ಕಂಡಿಲ್ಲ ಅಂದ್ರೆ ಕಂಡಿಲ್ಲ."

ಅವರು ಇನ್ನೇನೋ ಕೇಳಬೇಕೆಂದಿದ್ದರು. ಅಷ್ಟರಲ್ಲಿ ಚರ್ಚಿನ ಗೋಪುರದ ಹಿಂದಿನಿಂದ ಮೊದಲ ಪಾರಿವಾಳ ಕಾಣಿಸಿತು. ಫಿರ್ಮೇನ್ ಟೋಪಿ ಬೀಸುತ್ತ, ಅವರನ್ನು ಅಲ್ಲಿಯೇ ಬಿಟ್ಟು, ಅದು ಬಂದ ಹೊತ್ತು ಗುರುತಿಸಲು ಮನೆಯ ಕಡೆ ಓಡಿದ.